ಎರಡು ಡಾಲರಿನ ಠಸ್ಸೆ

ಆಗ್ನೇಯ ಏಷ್ಯಾದ ದೇಶಗಳ ಒಕ್ಕೂಟವಾದ ಆಸಿಯಾನ್ 1967ರಲ್ಲಿ ಬ್ಯಾಂಕಾಕ್‌ನಲ್ಲಿ ಹುಟ್ಟಿತು. ‘ಒಂದು ದೃಷ್ಟಿ, ಒಂದು ಅಸ್ಮಿತೆ, ಒಂದು ಸಮುದಾಯ’ ಎಂಬುದು ಅದರ ಧ್ಯೇಯವಾಕ್ಯ. ಈ ಏಕತೆ ಎಲ್ಲಿದೆ ತೋರಿಸಿ ಎಂದು ಕೇಳುವ ಸಂಶಯಪಿಶಾಚಿಗಳನ್ನು ಒಮ್ಮೆ ಬಸ್ಸಿಗೆ ಹತ್ತಿಸಿ, ಲಾವೋಸಿನ ದಕ್ಷಿಣ ತುದಿಯಲ್ಲಿರುವ ನೋಂಗ್ ನೋಕ್ ಖಿಯೆನ್ ಗಡಿಠಾಣೆಗೆ ಕಳುಹಿಸಿಕೊಡಬೇಕು. ಲಾವೋಸಿನಿಂದ ಹೊರಬಿದ್ದುದಕ್ಕೆ ಪಾಸ್‌ಪೋರ್ಟಿನ ಮೇಲೆ ಒತ್ತುವ ಠಸ್ಸೆಗೆ ಅಲ್ಲಿ ಎರಡು ಡಾಲರು ಕೊಡಬೇಕೆಂದು ಆ ದಾರಿಯ ಪ್ರಯಾಣಿಕರು ವರ್ಷಗಳಿಂದ ಹೇಳುತ್ತ ಬಂದಿದ್ದಾರೆ. ಅಲ್ಲಿಂದ ಚೀಲ ಹೊತ್ತು ಬಿಸಿಲಲ್ಲಿ ನಡೆದು ಕಾಂಬೋಡಿಯಾದ ತ್ರಪೇಂಗ್ ಕ್ರೀಲ್ ಠಾಣೆಗೆ ಬಂದರೆ, ಒಳಬಂದುದಕ್ಕೆ ಒತ್ತುವ ಠಸ್ಸೆಗೂ ಎರಡೇ ಡಾಲರು. ಒಂದು ದೇಶದ ನಾಣ್ಯ ಕಿಪ್, ಇನ್ನೊಂದರದು ರಿಯೆಲ್. ಎರಡಕ್ಕೂ ಪರಸ್ಪರ ನಂಟಿಲ್ಲ. ಆದರೂ ಯಾವ ಶೃಂಗಸಭೆಯನ್ನೂ ಕರೆಯದೆ, ಯಾವ ಜಂಟಿ ಹೇಳಿಕೆಯನ್ನೂ ಹೊರಡಿಸದೆ, ಎರಡೂ ಠಾಣೆಗಳ ಗುಮಾಸ್ತರು ಅಮೆರಿಕದ ನಾಣ್ಯದಲ್ಲಿ ಒಂದೇ ದರಕ್ಕೆ ಬಂದು ನಿಂತಿದ್ದಾರೆ.

ಈ ಎರಡು ಡಾಲರು ವೀಸಾದ ಶುಲ್ಕವಲ್ಲ ಎಂಬುದನ್ನು ಓದುಗರು ಗಮನಿಸಬೇಕು. ಕಾಂಬೋಡಿಯಾದ ಪ್ರವಾಸಿ ವೀಸಾಕ್ಕೆ 30 ಡಾಲರು. ಅದು ಸರ್ಕಾರಕ್ಕೆ ಸಲ್ಲುವ ಹಣ, ಅದಕ್ಕೆ ಪುಟ ತುಂಬುವ ಚಂದದ ಚೀಟಿಯೊಂದನ್ನು ಅಂಟಿಸಿಯೂ ಕೊಡುತ್ತಾರೆ. ಎರಡು ಡಾಲರು ಸಲ್ಲುವುದು ಶಾಯಿಗೆ, ಮೆತ್ತೆಗೆ, ಕೈಯನ್ನು ಮೇಲೆತ್ತಿ ಕೆಳಗಿಳಿಸುವ ಶ್ರಮಕ್ಕೆ. ಎರಡು ಠಾಣೆಗಳ ನಡುವೆ ದಾರಿ ಬದಿಯಲ್ಲಿ ಒಂದು ಮೇಜು. ಮೇಜಿನ ಹಿಂದೆ ಹಣೆಗೆ ಉಷ್ಣಮಾಪಕ ಹಿಡಿಯುವ ಒಬ್ಬ ಆರೋಗ್ಯಾಧಿಕಾರಿ. ಅವರಿಗೆ ಪ್ರತ್ಯೇಕವಾಗಿ ಒಂದು ಡಾಲರು. ಮೂವತ್ತೈದು ಡಿಗ್ರಿ ಬಿಸಿಲಿನಲ್ಲಿ ನಡೆದುಬಂದವನಿಗೆ ಜ್ವರವಿಲ್ಲವೆಂದು ತಿಳಿಯುವ ಸಮಾಧಾನಕ್ಕೆ ಅದು ದುಬಾರಿಯೇನಲ್ಲ.

ಕೊಡುವ ನೋಟು ಮಾತ್ರ ಗರಿಗರಿಯಾಗಿರಬೇಕು. ಅಂಚು ಕೂದಲೆಳೆಯಷ್ಟು ಹರಿದಿದ್ದರೂ ಕಾಂಬೋಡಿಯಾದಲ್ಲಿ ಡಾಲರಿನ ನೋಟನ್ನು ಯಾರೂ ಮುಟ್ಟುವುದಿಲ್ಲ. ಮಾಮೂಲಿನ ಮೇಜೂ ಇದಕ್ಕೆ ಹೊರತಲ್ಲ. ನೋಟನ್ನು ಬೆಳಕಿಗೆ ಹಿಡಿದು, ಎರಡೂ ಬದಿ ತಿರುಗಿಸಿ, ಸವೆದ ಮೂಲೆಯನ್ನು ಬೆರಳಿಂದ ತೋರಿಸಿ, ಬೇಸರದಿಂದ ಹಿಂದಿರುಗಿಸುವ ಗುಮಾಸ್ತರ ಆ ಶುದ್ಧಿಪ್ರಜ್ಞೆಯನ್ನು ಕಂಡರೆ, ಹಣಕಾಸು ಇಲಾಖೆಯಲ್ಲಿ ಇವರಿಗೆ ಏಕೆ ಬಡ್ತಿ ಸಿಕ್ಕಿಲ್ಲವೆಂದು ಮರುಗುವಂತಾಗುತ್ತದೆ.

ರಸೀದಿ ಕೇಳುವವನೂ ಆಗೊಮ್ಮೆ ಈಗೊಮ್ಮೆ ಸಿಗುತ್ತಾನೆ. ಅವನೊಂದಿಗೆ ಗುಮಾಸ್ತರು ಜಗಳಕ್ಕೆ ನಿಲ್ಲುವುದಿಲ್ಲ, ದನಿಯನ್ನೂ ಏರಿಸುವುದಿಲ್ಲ. ಪಾಸ್‌ಪೋರ್ಟನ್ನು ಬದಿಗಿಟ್ಟು, ಮುಂದಿನವರನ್ನು ಕರೆಯುತ್ತಾರೆ, ಅಷ್ಟೇ. ಉಳಿದ ಕೆಲಸವನ್ನು ಬಸ್ಸು ಮಾಡುತ್ತದೆ. ಈ ಬಸ್ಸುಗಳಲ್ಲಿ ಒಬ್ಬ ಸಹಾಯಕನಿರುತ್ತಾನೆ. ಗಡಿ ಹತ್ತಿರವಾಗುತ್ತಿದ್ದಂತೆ ಅವನು ಎಲ್ಲರ ಪಾಸ್‌ಪೋರ್ಟುಗಳನ್ನೂ, ವೀಸಾ ಶುಲ್ಕವನ್ನೂ, ಅದರ ಮೇಲೆ ಐದೋ ಹತ್ತೋ ಡಾಲರನ್ನೂ ಒಟ್ಟುಗೂಡಿಸಿ ರಬ್ಬರ್ ಬ್ಯಾಂಡ್ ಹಾಕಿಕೊಂಡು ಇಳಿದು ಹೋಗುತ್ತಾನೆ. ‘ನನ್ನ ಕೆಲಸವನ್ನು ನಾನೇ ಮಾಡಿಸಿಕೊಳ್ಳುತ್ತೇನೆ’ ಎಂದವನಿಗೆ ಅವನು ಬಲು ಕನಿಕರದಿಂದ, ಬಸ್ಸು ಕಾಯುವುದಿಲ್ಲ ಎಂಬ ಒಂದೇ ಮಾತನ್ನು ಹೇಳುತ್ತಾನೆ. ಅರ್ಧ ಗಂಟೆಯೊಳಗೆ ಹಣ ಕೊಟ್ಟವರೆಲ್ಲ ಬಸ್ಸಿನಲ್ಲಿ ಕುಳಿತಿರುತ್ತಾರೆ, ಕಾನೂನು ಓದಿಕೊಂಡು ಬಂದವನೊಬ್ಬ ಮಾತ್ರ ಬೆಂಚಿನ ಮೇಲೆ ಉಳಿದಿರುತ್ತಾನೆ. ಆಗ ಕಿಟಕಿಗಳಿಂದ ಅವನ ಕಡೆಗೆ ಹಾಯುವ ನೋಟಗಳಿವೆಯಲ್ಲ, ಅವುಗಳಲ್ಲಿ ಗುಮಾಸ್ತರ ಮೇಲಿನ ಸಿಟ್ಟು ಒಂದಿಷ್ಟೂ ಕಾಣದು. ತಮ್ಮಿಂದ ಹಣ ಕಿತ್ತವನನ್ನು ಅವರು ಆಗಲೇ ಮರೆತಿರುತ್ತಾರೆ. ತಮ್ಮನ್ನು ತಡಮಾಡಿಸುತ್ತಿರುವ ಪ್ರಾಮಾಣಿಕನನ್ನು ಮರೆಯಲಾರರು. ಕೊನೆಗೆ ಯಾರೋ ಒಬ್ಬ ಪುಣ್ಯಾತ್ಮ ಇಳಿದು ಬಂದು, ‘ಎರಡು ಡಾಲರಿಗೆ ಇಷ್ಟು ರಂಪವೇಕೆ, ಬೇಕಾದರೆ ನಾನೇ ಕೊಡುತ್ತೇನೆ’ ಎನ್ನುತ್ತಾನೆ. ಸಿದ್ಧಾಂತ ಮುರಿದುಬೀಳುವುದು ಆ ಉದಾರತೆಯ ಎದುರು. ಇಷ್ಟು ಅಗ್ಗವಾಗಿ, ಲಾಠಿಯಿಲ್ಲದೆ, ಸಂತ್ರಸ್ತರಿಂದಲೇ ವಸೂಲಿ ಮಾಡಿಸುವ ಏರ್ಪಾಡನ್ನು ನಮ್ಮ ಉಪನೋಂದಣಿ ಕಚೇರಿಗಳ ಮಧ್ಯವರ್ತಿಗಳು ಕೂಡ ಇನ್ನೂ ಕಲಿಯಬೇಕಾಗಿದೆ.

ಇದು ಒಂದು ಗಡಿಯ ಕಥೆಯಾಗಿ ಉಳಿದಿಲ್ಲ. ಲಾವೋಸಿನ ಕೆಲವು ಠಾಣೆಗಳಲ್ಲಿ ಶನಿವಾರ, ಭಾನುವಾರ ಮತ್ತು ಸಂಜೆಯ ಹೊತ್ತಿನಲ್ಲಿ ಅಧಿಕಾವಧಿ ಶುಲ್ಕವೆಂದು ಮತ್ತಷ್ಟು ತೆಗೆದುಕೊಳ್ಳುತ್ತಾರೆ. ವಾರಪೂರ್ತಿ ಬಸ್ಸು ಓಡುವ ದಾರಿಯಲ್ಲಿ ಗಡಿಗೆ ಮಾತ್ರ ವಾರದ ರಜೆಯುಂಟು. ವಿಯೆಟ್ನಾಂನ ಹನೋಯಿಯಿಂದ ಲಾವೋಸಿನ ರಾಜಧಾನಿ ವಿಯೆಂಟಿಯಾನ್‌ಗೆ ಸಂಜೆ ಹೊರಡುವ ಬಸ್ಸುಗಳು ಬೆಟ್ಟದ ಮೇಲಿನ ಕಾವ್ ತ್ರೆಯೊ ಗಡಿಯನ್ನು ಬೆಳಗಾಗುವ ಮೊದಲೇ ಮುಟ್ಟಿ, ಬಾಗಿಲು ತೆರೆಯುವವರೆಗೂ ಚಳಿಯಲ್ಲಿ ನಿಲ್ಲುತ್ತವೆ. ಥಾಯ್ಲೆಂಡಿನ ಅರಣ್ಯಪ್ರಥೇಟ್ ಪಟ್ಟಣದಲ್ಲಂತೂ ಕಾಂಬೋಡಿಯಾದ ಗಡಿ ಇನ್ನೂ ದೂರವಿರುವಾಗಲೇ ಕಾನ್ಸುಲೇಟ್ ಎಂಬ ಫಲಕ ಹೊತ್ತ ಕಟ್ಟಡಗಳ ಮುಂದೆ ಟುಕ್‌ಟುಕ್‌ಗಳು ತಾವಾಗಿಯೇ ನಿಲ್ಲುತ್ತಿದ್ದವು. ಅಲ್ಲಿ ವೀಸಾದ ಬೆಲೆಯನ್ನು ಥಾಯ್ ಬಾತ್‌ನಲ್ಲಿ ಹೇಳುತ್ತಿದ್ದರು, ಮತ್ತು ಆ ಲೆಕ್ಕ ಲೋಕದ ಯಾವ ಬ್ಯಾಂಕಿನ ವಿನಿಮಯ ದರಕ್ಕೂ ಹೊಂದುತ್ತಿರಲಿಲ್ಲ. 2025ರ ಜೂನ್‌ನಲ್ಲಿ ಥಾಯ್ಲೆಂಡ್ ಆ ಗಡಿಯನ್ನು ಪ್ರವಾಸಿಗರಿಗೆ ಮುಚ್ಚಿತು. ಜುಲೈನಲ್ಲಿ ಎರಡು ದೇಶಗಳ ಸೇನೆಗಳು ಗುಂಡು ಹಾರಿಸಿಕೊಂಡು ಜೀವಗಳು ಹೋದವು. ‘ಹೆಚ್ಚಿನ ಹಣ ಕೊಡಬೇಡಿ’ ಎಂಬ ಎಚ್ಚರಿಕೆಗಳಿಂದ ಆಗದಿದ್ದ ಮಾಮೂಲಿನ ನಿಷೇಧವನ್ನು ಫಿರಂಗಿಗಳು ಸಾಧಿಸಿದವು. ಒಂದೇ ಸಮುದಾಯದೊಳಗಿನ ಸುಧಾರಣೆಗೆ ಬೇರೆ ಮಾರ್ಗ ಹೊಳೆಯದೆ ಹೋದದ್ದು ದುಃಖದ ಸಂಗತಿ.

ಠಸ್ಸೆಯನ್ನು ಪುಕ್ಕಟೆ ಒತ್ತಲು ಸಾಧ್ಯವೇ ಇಲ್ಲವೆಂದೇನೂ ಅಲ್ಲ. ಮಲೇಶಿಯಾದ ಜೊಹೋರ್ ಬಾರು ಮತ್ತು ಸಿಂಗಪುರಗಳ ನಡುವೆ ಒಂದು ಕಿಲೋಮೀಟರಿಗಿಂತ ತುಸು ಉದ್ದದ, 1924ರಲ್ಲಿ ಉದ್ಘಾಟನೆಯಾದ ಏರಿಯಿದೆ. ಅಲ್ಲಿ ಬಸ್ಸಿನವರು ಒಂದು ಕಿಲೋಮೀಟರಿನಲ್ಲಿ ಎರಡು ಸಲ ಇಳಿದು, ಎರಡು ಸಲ ಹತ್ತಿ, ವಾಹನಗಳ ಸಾಲು ಅಲುಗಾಡದ ದಿನ ಏರಿಯನ್ನು ಕಾಲ್ನಡಿಗೆಯಲ್ಲೇ ದಾಟುತ್ತಾರೆ. ಬೆವರು ಸುರಿಯುತ್ತದೆ, ಸಮಯ ಹೋಗುತ್ತದೆ. ಆದರೆ ಶಾಯಿಯ ಖರ್ಚನ್ನು ಯಾರೂ ಕೇಳುವುದಿಲ್ಲ.

ಹಾಗೆಂದು ಸರ್ಕಾರಗಳು ಕೈಕಟ್ಟಿ ಕುಳಿತಿವೆ ಎನ್ನುವಂತಿಲ್ಲ. ಮೆಕಾಂಗ್ ಪ್ರದೇಶದ ದೇಶಗಳ ಗಡಿಯಾಚೆಗಿನ ಸಾರಿಗೆ ಒಪ್ಪಂದಕ್ಕೆ 1999ರಲ್ಲಿ ಲಾವೋಸ್, ಥಾಯ್ಲೆಂಡ್, ವಿಯೆಟ್ನಾಂ ಸಹಿ ಹಾಕಿದವು. ಕಾಂಬೋಡಿಯಾ, ಚೀನಾ, ಮ್ಯಾನ್ಮಾರ್ ಆಮೇಲೆ ಸೇರಿದವು. ಎರಡು ದೇಶದ ಅಧಿಕಾರಿಗಳು ಒಂದೇ ಕಡೆ ಒಂದೇ ಸಲ ತಪಾಸಣೆ ಮುಗಿಸಬೇಕೆಂಬುದು ಅದರ ಆಶಯ. ಬಸ್ಸುಗಳಿಗೆಂದೇ ಆಸಿಯಾನ್ 2017ರಲ್ಲಿ ಇನ್ನೊಂದು ಒಪ್ಪಂದ ಮಾಡಿಕೊಂಡಿತು. ಮೆಕಾಂಗ್ ಒಪ್ಪಂದಕ್ಕೆ 17 ಅನುಬಂಧಗಳೂ 3 ಪೂರಕ ಒಡಂಬಡಿಕೆಗಳೂ ಇವೆ. ಗಡಿಯಲ್ಲಿ ದಿನವೂ ತಪ್ಪದೆ ಜಾರಿಯಾಗುತ್ತಿರುವ ಏಕೈಕ ನಿಯಮವಾದ ಎರಡು ಡಾಲರಿಗೆ ಮಾತ್ರ ಅವುಗಳಲ್ಲಿ ಜಾಗ ದೊರೆತಿಲ್ಲ.

ಈ ಅನ್ಯಾಯವನ್ನು ಸರಿಪಡಿಸಲು 18ನೆಯ ಅನುಬಂಧವೊಂದನ್ನು ಸೇರಿಸುವುದು ಒಳ್ಳೆಯದು. ಠಸ್ಸೆಯ ಬೆಲೆ ಸದಸ್ಯ ರಾಷ್ಟ್ರಗಳಲ್ಲೆಲ್ಲ ಎರಡು ಡಾಲರೆಂದು ಅದು ಸಾರಬೇಕು; ಹರಿದ ನೋಟನ್ನು ತಿರಸ್ಕರಿಸುವ ಹಕ್ಕನ್ನು ಗುಮಾಸ್ತರಿಗೆ ಖಾತರಿಪಡಿಸಬೇಕು; ವಾದಿಸದವರಿಗೆ ಬೇಗ ಬಿಡುಗಡೆಯನ್ನೂ, ವಾದಿಸುವವರಿಗೆ ನೆರಳಿರುವ ಬೆಂಚನ್ನೂ ಒದಗಿಸಬೇಕು; ಬಸ್ಸಿನ ಸಹಾಯಕನಿಗೆ ರಾಜತಾಂತ್ರಿಕ ಸ್ಥಾನಮಾನ ನೀಡಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಕೊಟ್ಟ ಹಣಕ್ಕೆ ರಸೀದಿ ಕೊಡಬೇಕು. ಈ ಕೊನೆಯ ಅಂಶಕ್ಕೆ ಎರಡೂ ಠಾಣೆಗಳ ಆಕ್ಷೇಪ ಒಂದೇ ಧ್ವನಿಯಲ್ಲಿ ಬರುವುದು ಖಂಡಿತ: ರಸೀದಿಗೂ ಒಂದು ಠಸ್ಸೆ ಒತ್ತಬೇಕಾಗುತ್ತದೆ, ಅದಕ್ಕೆ ಬೇರೆ ಎರಡು ಡಾಲರು.