ಚುಕ್ಕಿ ಇಡದೆ ಎಳೆದ ಗೆರೆ

ನಿನ್ನೆ ಸಂಜೆಯಿಂದ ತಲೆ ಬಿಸಿಯಾಗಿದೆ. ಬರೆದು ಹಾಕದೆ ಇದು ಇಳಿಯಲ್ಲ.

ಅಕ್ಕನ ಮನೆಗೆ ಹೋಗಿದ್ದೆ. ಪಿಯುಸಿ ಓದ್ತಿರೋ ಅವಳ ಮಗಳು ನಡುಮನೆಯಲ್ಲಿ ಸ್ಟ್ಯಾಟಿಸ್ಟಿಕ್ಸ್ ಲೆಕ್ಕ ಹರಡಿಕೊಂಡು ಕೂತಿದ್ದಳು. ಇದೇ ಪಾಠವನ್ನ ನಾನು ಹದಿನೈದು ವರ್ಷ ಮಾಡಿದ್ದು ನಿಮಗೆಲ್ಲ ಗೊತ್ತು. ನೋಟ್‌ಬುಕ್ ಕಂಡರೆ ಕೈ ಸುಮ್ಮನಿರಲ್ಲ, ಎಳೆದುಕೊಂಡೆ. ಸಹಸಂಬಂಧದ ಲೆಕ್ಕ, ಅಂದರೆ ಕೋರಿಲೇಷನ್. ಎರಡು ಸಂಗತಿಗಳು ಎಷ್ಟರಮಟ್ಟಿಗೆ ಜೊತೆಜೊತೆಯಾಗಿ ಏರಿಳಿಯುತ್ತವೆ ಅಂತ ಒಂದು ಅಂಕಿಯಲ್ಲಿ ಹೇಳೋದು, 1ರ ಹತ್ತಿರ ಬಂದಷ್ಟೂ ನಂಟು ಗಟ್ಟಿ ಅಂತ ಲೆಕ್ಕ.

ಐದು ಅಂಗಡಿ. ಜಾಹೀರಾತಿಗೆ ಹಾಕಿದ ದುಡ್ಡು ಸಾವಿರಗಳಲ್ಲಿ 1, 1, 2, 2, 9. ಮಾರಾಟ ಲಕ್ಷಗಳಲ್ಲಿ 4, 6, 4, 6, 15. ಹುಡುಗಿ ಮುತ್ತಿನಂಥ ಅಕ್ಷರದಲ್ಲಿ ಒಂದೂ ತಪ್ಪಿಲ್ಲದೆ ಮಾಡಿದ್ದಳು. ಸರಾಸರಿ 3 ಮತ್ತು 7, ವ್ಯತ್ಯಾಸಗಳ ಕಾಲಂ, ವರ್ಗಗಳ ಕಾಲಂ, ಗುಣಲಬ್ಧದ ಕಾಲಂ. ಕೊನೆಗೆ 60 ಭಾಗಿಸು 46 ಗುಣಿಸು 84ರ ವರ್ಗಮೂಲ. ಉತ್ತರ 0.97. ಅದರ ಕೆಳಗೆ ಎರಡು ಗೆರೆ ಎಳೆದು ‘ಹೈ ಪಾಸಿಟಿವ್ ಕೋರಿಲೇಷನ್’.

"ಗ್ರಾಫ್ ಎಲ್ಲಮ್ಮ?" ಅಂದೆ.

"ಅದಕ್ಕೆ ಮಾರ್ಕ್ಸ್ ಇಲ್ಲ ಮಾವ. ಹಾಕ್ಬೇಡಿ, ಟೈಮ್ ವೇಸ್ಟ್ ಅಂದಿದ್ದಾರೆ ನಮ್ ಸರ್."

ಅಲ್ಲಿಗೆ ನನ್ನ ಕಾಫಿ ಆರಿಹೋಯಿತು.

ಹಾಕಿಸಿದೆ. ಎಡಗಡೆ ಕೆಳಗೆ ನಾಲ್ಕು ಚುಕ್ಕಿ, ಸರಿಯಾಗಿ ಒಂದು ಆಯತದ ನಾಲ್ಕು ಮೂಲೆ. ಐದನೆಯದು ದೂರದಲ್ಲಿ, ಬಲಗಡೆ ಮೇಲೆ, ಒಂಟಿಯಾಗಿ. ಆ ಒಂಟಿ ಚುಕ್ಕಿಯ ಮೇಲೆ ಹೆಬ್ಬೆರಳಿಟ್ಟು, "ಇದನ್ನ ಬಿಟ್ಟು ಲೆಕ್ಕ ಮಾಡು" ಅಂದೆ. ಮಾಡಿದಳು. ಸೊನ್ನೆ ಬಂತು. ಎಲ್ಲೋ ತಪ್ಪಿದೆ ಅಂದುಕೊಂಡು ಮತ್ತೊಮ್ಮೆ ಮಾಡಿದಳು. ಮತ್ತೂ ಸೊನ್ನೆ. ಸಾವಿರ ಹಾಕಿದ ಎರಡು ಅಂಗಡಿಗಳಲ್ಲಿ ಒಂದರ ಮಾರಾಟ 4 ಲಕ್ಷ, ಇನ್ನೊಂದರದ್ದು 6. ಎರಡು ಸಾವಿರ ಹಾಕಿದವರದ್ದೂ ಅಷ್ಟೇ. ಆ 0.97 ಪೂರ್ತಿ ನಿಂತಿದ್ದು ಒಂದೇ ಅಂಗಡಿಯ ಮೇಲೆ. ಅದು ಬಸ್‌ಸ್ಟ್ಯಾಂಡ್ ಎದುರಿಗಿರೋ ದೊಡ್ಡ ಅಂಗಡಿ ಇರಬಹುದು, ಮಾರಾಟ ಜೋರಾಗಿರೋದಕ್ಕೇ ಜಾಹೀರಾತಿಗೆ ದುಡ್ಡು ಸಿಕ್ಕಿರಬಹುದು. ಈ ಯೋಚನೆ ಕಾಲಂಗಳನ್ನ ನೋಡಿದಾಗ ಅವಳಿಗೆ ಬರಲಿಲ್ಲ. ಚುಕ್ಕಿ ನೋಡಿದ ಒಂದೇ ನಿಮಿಷಕ್ಕೆ, "ಮಾವ, ಆ ಅಂಗಡಿ ಯಾಕೆ ಹಂಗಿದೆ?" ಅಂತ ತಾನೇ ಕೇಳಿದಳು. ಸಂಖ್ಯಾಶಾಸ್ತ್ರ ಶುರುವಾಗೋದೇ ಆ ಪ್ರಶ್ನೆಯಿಂದ. ಅದನ್ನ ಟೈಮ್ ವೇಸ್ಟ್ ಅಂತಾರಲ್ಲ!

ಈ ಪಾಠ ಹುಟ್ಟಿದ ಬಗೆಯನ್ನಾದರೂ ನೋಡಿ. ಇಂಗ್ಲೆಂಡಿನ ವಿಜ್ಞಾನಿ ಫ್ರಾನ್ಸಿಸ್ ಗಾಲ್ಟನ್ 928 ಜನರ ಎತ್ತರವನ್ನು ಅವರ ತಂದೆತಾಯಿಯರ ಎತ್ತರದ ಎದುರಿಗೆ ಒಂದೇ ಹಾಳೆಯಲ್ಲಿ ಮನೆಮನೆಯಾಗಿ ತುಂಬಿಸಿದ. ಸಮನಾದ ಸಂಖ್ಯೆ ಇರುವ ಮನೆಗಳನ್ನು ಗೆರೆ ಎಳೆದು ಸೇರಿಸುತ್ತ ಹೋದರೆ ಅಂಡಾಕಾರದ ಗೆರೆಗಳು ಕಾಣಿಸಿದವು. ಸಹಸಂಬಂಧದ ಮೇಲೆ ಅವನು ಬರೆದದ್ದು 1888ರಲ್ಲಿ. ನಮ್ಮ ಮಕ್ಕಳು ಬಾಯಿಪಾಠ ಮಾಡುವ ಸೂತ್ರವನ್ನು ಕಾರ್ಲ್ ಪಿಯರ್ಸನ್ ಕೊಟ್ಟಿದ್ದು 1896ರಲ್ಲಿ. ಕಣ್ಣು ಮೊದಲು ನೋಡಿತು, ಸೂತ್ರ ಆಮೇಲೆ ಬಂತು. ನಾವು ಸೂತ್ರ ಇಟ್ಟುಕೊಂಡು ಕಣ್ಣು ಮುಚ್ಚಿಸಿದ್ದೇವೆ.

1973ರಲ್ಲಿ ಸಂಖ್ಯಾಶಾಸ್ತ್ರಜ್ಞ ಫ್ರಾನ್ಸಿಸ್ ಆನ್‌ಸ್ಕೂಂಬ್ ಇದನ್ನೇ ಎತ್ತಿ ತೋರಿಸಿದ. ನಾಲ್ಕು ಗುಂಪು, ಒಂದೊಂದರಲ್ಲೂ ಹನ್ನೊಂದು ಜೋಡಿ ಅಂಕಿ. ನಾಲ್ಕರಲ್ಲೂ ಸರಾಸರಿ 9 ಮತ್ತು 7.5, ಸಹಸಂಬಂಧ 0.82. ಚುಕ್ಕಿ ಇಟ್ಟರೆ ಒಂದು ಗೆರೆಯ ಸುತ್ತ ಚೆದುರಿದ್ದು, ಒಂದು ಕಮಾನು, ಒಂದರಲ್ಲಿ ಗೆರೆಯಿಂದ ಸಿಡಿದು ನಿಂತ ಒಂದು ಚುಕ್ಕಿ. ನಾಲ್ಕನೆಯದರಲ್ಲಿ ಹತ್ತು ಚುಕ್ಕಿ ಕಂಬದ ಹಾಗೆ ಒಂದರ ಮೇಲೊಂದು, ಹನ್ನೊಂದನೆಯದು ದೂರದಲ್ಲಿ. ನನ್ನ ಸೊಸೆಯ ಐದು ಅಂಗಡಿಗಳ ಅಣ್ಣತಮ್ಮ ಅದು.

ಸೊನ್ನೆಯ ಕಥೆಯೂ ಹಾಗೇ. ಸೊನ್ನೆ ಬಂದರೆ ‘ಸಂಬಂಧವಿಲ್ಲ’ ಅಂತ ಬರೆಸ್ತಾರೆ. ಐದು ತುಳಸಿ ಕುಂಡಕ್ಕೆ ದಿನಾ 1, 2, 3, 4, 5 ಲೋಟ ನೀರು ಹಾಕಿದಿರಿ, ಗಿಡಗಳು ಬೆಳೆದದ್ದು 2, 6, 8, 6, 2 ಇಂಚು ಅಂದುಕೊಳ್ಳಿ. ಲೆಕ್ಕ ಮಾಡಿ, ಸೊನ್ನೆಯೇ ಬರುತ್ತೆ. ನೀರಿಗೂ ತುಳಸಿಗೂ ಸಂಬಂಧವಿಲ್ಲ ಅಂತ ನಮ್ಮಮ್ಮನ ಎದುರಿಗೆ ಹೇಳಿ ನೋಡೋಣ. ಕಡಿಮೆಯಾದರೆ ಬಾಡುತ್ತೆ, ಹೆಚ್ಚಾದರೆ ಬೇರು ಕೊಳೆಯುತ್ತೆ ಅಂತ ಅವರಿಗೆ ಗೊತ್ತು. ಸಹಸಂಬಂಧದ ಈ ಅಂಕಿ ಅಳೆಯೋದು ಸರಳರೇಖೆಯ ನಂಟನ್ನ ಮಾತ್ರ. ಆ ಒಂದು ಮಾತು ಹೇಳದೆ ಸೂತ್ರ ಕೊಡೋದು, ಚುಕ್ಕಿ ಇಡದೆ ರಂಗೋಲಿ ಎಳಿ ಅಂದ ಹಾಗೆ.

ಪೋರ್ಷನ್ ಮುಗೀಬೇಕು, ಪರೀಕ್ಷೆಯಲ್ಲಿ ಕೇಳೋದು ಲೆಕ್ಕವನ್ನೇ ಅಂತ ಹಳೇ ಸಹೋದ್ಯೋಗಿಗಳು ಹೇಳ್ತಾರೆ, ಗೊತ್ತು. ಆ ಒತ್ತಡ ನಾನೂ ಉಂಡವನು. ಆದರೆ ಐದು ಕಾಲಂ ತುಂಬೋಕೆ ಹದಿನೈದು ನಿಮಿಷ ಬೇಕು, ಐದು ಚುಕ್ಕಿ ಇಡೋಕೆ ಎರಡೇ ನಿಮಿಷ. ಎರಡು ನಿಮಿಷ ಇಲ್ಲ ಅನ್ನೋದನ್ನ ನಾನು ಒಪ್ಪಲ್ಲ. ಕಂಪ್ಯೂಟರ್ ಕ್ಷಣದಲ್ಲಿ ಕೊಡೋ ಅಂಕಿಗೋಸ್ಕರ ಮಕ್ಕಳ ಸಂಜೆಗಳನ್ನ ಕಳೆಸ್ತೀವಿ, ಕಣ್ಣು ಮಾತ್ರ ಮಾಡಬಲ್ಲ ಕೆಲಸವನ್ನ ಬಿಡಿಸ್ತೀವಿ.

ಇಷ್ಟು ಸಿಟ್ಟು ಯಾಕೆ ಅಂದರೆ, ನನ್ನದೂ ಒಂದು ಬಾಕಿ ಇದೆ. ಪಾಠ ಶುರು ಮಾಡಿದ ಎರಡನೇ ವರ್ಷ. ಕೊನೇ ಬೆಂಚಿನ ಹುಡುಗನೊಬ್ಬ ಎದ್ದು ನಿಂತು, "ಸರ್, 0.6 ಅಂದ್ರೆ 60 ಪರ್ಸೆಂಟಾ?" ಅಂದ. ಗಂಟೆ ಹೊಡೆಯೋಕೆ ಐದು ನಿಮಿಷ ಇತ್ತು. "ಹೂಂ, ಹಂಗೇ ಅಂದ್ಕೋ, ಕೂತ್ಕೋ" ಅಂದುಬಿಟ್ಟೆ. ಮಾರನೇ ದಿನವೂ ಸರಿಪಡಿಸಲಿಲ್ಲ, ಆ ವರ್ಷವಿಡೀ ಸರಿಪಡಿಸಲಿಲ್ಲ. ನಿನ್ನೆ ಸೊಸೆಯ ನೋಟ್‌ಬುಕ್ ಮುಂದೆ ಕೂತಾಗ ಅವನ ಮುಖ ಕಣ್ಣಮುಂದೆ ಬಂತು.

ಅವನೆಲ್ಲಾದರೂ ಇದನ್ನ ಓದ್ತಿದ್ದರೆ: ಅಲ್ಲಪ್ಪ, 60 ಅಲ್ಲ. 0.6ನ್ನ ವರ್ಗ ಮಾಡಬೇಕು, 0.36 ಬರುತ್ತೆ. ಒಂದರ ಏರಿಳಿತದಲ್ಲಿ 36 ಪರ್ಸೆಂಟ್ ಮಾತ್ರ ಇನ್ನೊಂದರ ಜೊತೆ ಗೆರೆಯಾಗಿ ಹೊಂದುತ್ತೆ, ಉಳಿದ 64 ಹೊಂದಲ್ಲ. ನೀನು ಕೇಳಿದ ಪ್ರಶ್ನೆ ಒಳ್ಳೇದಿತ್ತು, ನಾನು ಕೊಟ್ಟ ಉತ್ತರ ತಪ್ಪಿತ್ತು.