ಹೆಡ್ ಫೇಸ್ ನೋಡದೆ ಗ್ಯಾಸ್ಕೆಟ್ ಇಡುವುದು ರಿಪೇರಿಯೇ ಅಲ್ಲ ಮಾರಾಯ್ರೇ

ಗಾಡಿ ಬಿಸಿಯೇರಿ ನಿಂತರೆ ಮೆಕ್ಯಾನಿಕರು ಎಂಜಿನ್ ಬ್ಲಾಕಿನ ಮೇಲೆ ಮುಚ್ಚಳದಂತೆ ಕೂರುವ ಹೆಡ್ ಇಳಿಸುತ್ತಾರೆ, ಎರಡರ ನಡುವೆ ಸೋರದಂತೆ ತಡೆಯುವ ಹೊಸ ಗ್ಯಾಸ್ಕೆಟ್ ಇಡುತ್ತಾರೆ, ಬೋಲ್ಟ್ ಬಿಗಿದು ಸಾವಿರಗಟ್ಟಲೆ ಬಿಲ್ ಕೈಗೆ ಕೊಡುತ್ತಾರೆ. ಒಂದೆರಡು ತಿಂಗಳಲ್ಲಿ ಅದೇ ಓಮ್ನಿ ವ್ಯಾನ್ ನಮ್ಮ ಕಾಸರಗೋಡಿನ ಬಂದಡ್ಕದ ಏರಿನಲ್ಲಿ ಮುಂದಿನ ಸೀಟು ಎತ್ತಿಕೊಂಡು ಆವಿ ಬಿಡುತ್ತಾ ನಿಂತಿರುತ್ತದೆ. ಕೇಳಿದರೆ "ಹಳೇ ಗಾಡಿಯಲ್ವಾ, ಮಾರಿಬಿಡಿ" ಅನ್ನುತ್ತಾರೆ. ಇದು ಗಾಡಿಯ ವಯಸ್ಸಿನ ದೋಷವಲ್ಲ, ಕೆಲಸದ ದೋಷ. ಹದಿನೈದು ವರ್ಷ ದಾಟಿದ ಗಾಡಿಗೆ ಆರ್‌ಸಿ ನವೀಕರಿಸಿ, ತೆರಿಗೆ ಕಟ್ಟಿ ಓಡಿಸುವವರು ಅಡಿಕೆ ಮೂಟೆ, ಶಾಲೆ ಮಕ್ಕಳು, ಆಸ್ಪತ್ರೆ ಎಂದು ಎಲ್ಲದಕ್ಕೂ ಅದನ್ನೇ ನಂಬಿರುತ್ತಾರೆ. ಅಂಥವರ ದುಡ್ಡು ಹೀಗೆ ಹಾಳಾಗುವುದನ್ನು ನೋಡಿ ಹೊಟ್ಟೆ ಉರಿಯುತ್ತದೆ.

ಗ್ಯಾಸ್ಕೆಟ್ ಸುಮ್ಮಸುಮ್ಮನೆ ಸುಡುವುದು ಅಪರೂಪ. ಮೊದಲು ಎಂಜಿನ್ ಮಿತಿಮೀರಿ ಕಾಯುತ್ತದೆ. ಇಂಥ ಗಾಡಿಗಳ ಹೆಡ್ ಅಲ್ಯುಮಿನಿಯಂ, ಕೆಳಗಿನ ಬ್ಲಾಕ್ ಕಬ್ಬಿಣ. ಅಲ್ಯುಮಿನಿಯಂ ಕಬ್ಬಿಣದ ಸುಮಾರು ಎರಡು ಪಟ್ಟು ಹಿಗ್ಗುತ್ತದೆ, ಬೋಲ್ಟ್ ಬಿಗಿದಿರುವ ಹೆಡ್ ಹಿಗ್ಗಲು ಜಾಗವಿಲ್ಲದೆ ಬಾಗುತ್ತದೆ. ಬಾಗಿದ ಹೆಡ್ ಕೆಳಗೆ ಎಷ್ಟು ಒಳ್ಳೆಯ ಗ್ಯಾಸ್ಕೆಟ್ ಇಟ್ಟರೂ ನಿಲ್ಲುವುದಿಲ್ಲ. ಇದನ್ನು ನೋಡಲು ದೊಡ್ಡ ಯಂತ್ರವೇನೂ ಬೇಡ. ಒಂದು ಸ್ಟ್ರೈಟ್ ಎಡ್ಜ್ (ನೇರ ಉಕ್ಕಿನ ಪಟ್ಟಿ), ಒಂದು ಫೀಲರ್ ಗೇಜ್ (ಸಂದು ಅಳೆಯುವ ತೆಳು ಉಕ್ಕಿನ ಎಲೆಗಳ ಕಟ್ಟು) ಸಾಕು. ಫೇಸ್, ಅಂದರೆ ಹೆಡ್ಡಿನ ಕೆಳಮೈ, ಚೊಕ್ಕ ಮಾಡಿ ಉದ್ದಕ್ಕೆ, ಅಡ್ಡಕ್ಕೆ, ಎರಡೂ ಕಡೆ ಮೂಲೆಯಿಂದ ಮೂಲೆಗೆ ಪಟ್ಟಿ ಇಟ್ಟು, ಸಿಲಿಂಡರ್‌ಗಳ ನಡುವಿನ ಕಿರಿದಾದ ಜಾಗದಲ್ಲಿ 0.05 ಮಿ.ಮೀ. ಎಲೆ ತೂರಿಸಿ ನೋಡಬೇಕು. ಸಣ್ಣ ಕಾರುಗಳಲ್ಲಿ ಅದು ತೂರಿತೆಂದರೆ ಫೇಸ್ ಸಮತಟ್ಟು ಮಾಡಿಸಲು ಹೆಡ್ ಲೇತಿಗೆ ಹೋಗಲೇಬೇಕು. ಬ್ಲಾಕ್‌ನ ಮೇಲ್ಮೈಯನ್ನೂ ಹೀಗೇ ನೋಡಬೇಕು. ಐದು ನಿಮಿಷದ ಕೆಲಸ! ಅದನ್ನೂ ಮಾಡದೆ ಗ್ರೈಂಡರಿಗೆ ಸ್ಯಾಂಡ್‌ಪೇಪರ್ ಡಿಸ್ಕ್ ಹಾಕಿ ಉಜ್ಜುವವರಿದ್ದಾರೆ. ಅದರಿಂದ ಫೇಸ್ ಹೊಳೆಯುತ್ತದೆ, ಜೊತೆಗೆ ಅಲ್ಲಲ್ಲಿ ತಗ್ಗು ಬೀಳುತ್ತದೆ. ಆ ತಗ್ಗು ಮುಚ್ಚಲು ಗ್ಯಾಸ್ಕೆಟ್‌ನ ಎರಡೂ ಬದಿಗೆ ಸಿಲಿಕೋನ್ ಪೇಸ್ಟ್ ಮೆತ್ತುತ್ತಾರೆ. ಹಿಂಡಿ ಒಳಗೆ ಬಂದ ಪೇಸ್ಟ್ ನೀರಿನ, ಆಯಿಲಿನ ದಾರಿಗೇ ಅಡ್ಡ.

ಬೋಲ್ಟ್ ವಿಷಯವಂತೂ ಹೇಳಿದಷ್ಟೂ ಮುಗಿಯುವುದಿಲ್ಲ. ಎಂಜಿನ್ ಪೂರ್ತಿ ತಣಿಯದೆ ಹೆಡ್ ಬೋಲ್ಟ್ ಮುಟ್ಟಬಾರದು. ಬಿಚ್ಚುವುದು ಹೊರಗಿನಿಂದ ಒಳಗೆ, ಬಿಗಿಯುವುದು ನಡುವಿನಿಂದ ಹೊರಗೆ, ಎರಡು ಮೂರು ಸುತ್ತಿನಲ್ಲಿ, ಬಿಗಿಯ ಅಳತೆ (ಟಾರ್ಕ್) ತೋರಿಸುವ ಟಾರ್ಕ್ ರೆಂಚ್‌ನಲ್ಲಿ. "ಕೈಗೆ ಗೊತ್ತಾಗುತ್ತದೆ" ಅನ್ನುವವರ ಕೈಗೆ ಏನೂ ಗೊತ್ತಾಗುವುದಿಲ್ಲ. ಬ್ಲಾಕ್‌ನ ಬೋಲ್ಟ್ ತೂತಿನಲ್ಲಿ ನೀರೋ ಆಯಿಲೋ ನಿಂತಿದ್ದರೆ ಟಾರ್ಕ್ ತಪ್ಪು ತೋರಿಸುತ್ತದೆ, ಬ್ಲಾಕ್ ಒಡೆಯುವುದೂ ಉಂಟು. ಗಾಳಿ ಹೊಡೆದು ಒಣಗಿಸಲಿಕ್ಕೂ ಇವರಿಗೆ ಪುರುಸೊತ್ತಿಲ್ಲ.

ಇನ್ನು ಥರ್ಮೋಸ್ಟಾಟ್, ಅಂದರೆ ಎಂಜಿನ್ ಬಿಸಿಯಾಗುವವರೆಗೆ ನೀರನ್ನು ರೇಡಿಯೇಟರಿಗೆ ಬಿಡದೆ ತಡೆಯುವ ಕವಾಟ. ಗಾಡಿ ಕಾಯುತ್ತದೆ ಅಂದ ಕೂಡಲೇ ಕಿತ್ತು ಬಿಸಾಡುತ್ತಾರೆ, "ನಮ್ಮ ಸೆಕೆಗೆ ಇದು ಬೇಡ" ಅಂತ ಉಪದೇಶ ಬೇರೆ. ಅದಿಲ್ಲದಿದ್ದರೆ ಎಂಜಿನ್ ಹದವಾದ ಬಿಸಿಗೆ ಬರುವುದಿಲ್ಲ, ಮೈಲೇಜ್ ಬೀಳುತ್ತದೆ, ಆಯಿಲ್ ಬೇಗ ಕೆಡುತ್ತದೆ. ಕೆಲವು ಎಂಜಿನ್‌ಗಳಲ್ಲಿ ತೆರೆದ ಥರ್ಮೋಸ್ಟಾಟೇ ಬೈಪಾಸ್ ದಾರಿ ಮುಚ್ಚಬೇಕು. ಅಂಥದ್ದನ್ನು ತೆಗೆದರೆ ಬಿಸಿನೀರಿನ ಒಂದು ಪಾಲು ರೇಡಿಯೇಟರಿಗೆ ಹೋಗದೆ ಒಳಗೇ ಸುತ್ತುತ್ತದೆ, ಏರಿನಲ್ಲಿ ಇನ್ನೂ ಜಾಸ್ತಿ ಕಾಯುತ್ತದೆ. ಪಾತ್ರೆಯಲ್ಲಿ ನೀರು ಕಾಯಿಸಿ ಅದರಲ್ಲಿ ತೂಗುಬಿಟ್ಟರೆ ಮೇಲೆ ಬರೆದ ಡಿಗ್ರಿಗೆ, ಅಂದರೆ 82ಕ್ಕೋ 88ಕ್ಕೋ, ಬಾಯಿ ಬಿಡಬೇಕು. ಬಿಡದಿದ್ದರೆ ಹೊಸದು ಹಾಕಿ.

ರೇಡಿಯೇಟರ್ ಮುಚ್ಚಳವನ್ನು ಯಾರೂ ನೋಡುವುದಿಲ್ಲ. 0.9 (ಬಾರ್, ಒತ್ತಡದ ಅಳತೆ) ಎಂದು ಬರೆದ ಮುಚ್ಚಳ ಒತ್ತಡ ಹಿಡಿದರೆ ಬರೀ ನೀರು ಕೂಡ 118 ಡಿಗ್ರಿ ಹತ್ತಿರದವರೆಗೆ ಕುದಿಯುವುದಿಲ್ಲ. ರಬ್ಬರ್ ಸತ್ತ ಮುಚ್ಚಳದಲ್ಲಿ ನೂರಕ್ಕೇ ಕುದಿತ ಶುರು. ಅಷ್ಟು ಸಣ್ಣ ಸಾಮಾನು ಬದಲಿಸದೆ ಹೆಡ್ ಬಿಚ್ಚುತ್ತಾರೆ!

ಒಳಗೆ ತುಂಬುವ ನೀರೂ ಹಾಗೇ. ಕುಂಬಳೆ, ಮಂಜೇಶ್ವರದ ಕಡಲ ಬದಿಯ ಬಾವಿಯ ಉಪ್ಪು ನೀರಾಗಲಿ, ಒಳನಾಡಿನ ಬೋರ್‌ವೆಲ್ ನೀರಾಗಲಿ ಹೆಡ್ ತಿನ್ನುತ್ತದೆ, ರೇಡಿಯೇಟರಿನ ಟ್ಯೂಬ್ ಕಟ್ಟಿಸುತ್ತದೆ. ಸುರಂಗದ (ಗುಡ್ಡಕ್ಕೆ ಅಡ್ಡಲಾಗಿ ಕೊರೆದ ಬಾವಿಯ) ನೀರು ಕುಡಿಯಲು ಚೆನ್ನ, ಎಂಜಿನ್‌ಗೆ ಬೇಡ. ನಮ್ಮಲ್ಲಿ ಹಿಮ ಬೀಳುವುದಿಲ್ಲ, ಹಾಗಾಗಿ ಸಾಮಾನ್ಯವಾಗಿ ಎಂಜಿನ್ ತಣಿಸುವ ನೀರಿಗೆ ಬೆರೆಸುವ ದ್ರವ, ಅಂದರೆ 30 ಪಾಲು ಕೂಲೆಂಟ್‌ಗೆ 70 ಪಾಲು ಡಿಸ್ಟಿಲ್ಡ್ ವಾಟರ್ ಸಾಕು. ಮೊದಲೇ ಬೆರೆಸಿ ಮಾರುವ ಕೂಲೆಂಟ್‌ಗೆ ನೀರು ಸೇರಿಸಬೇಡಿ. ಲೀಕ್ ನಿಲ್ಲಲಿ ಅಂತ ಅರಸಿನ ಪುಡಿಯನ್ನೋ ಅಂಗಡಿಯ ಪುಡಿಯನ್ನೋ ಸುರಿದರೆ ರೇಡಿಯೇಟರ್ ಕಟ್ಟುತ್ತದೆ.

ಗ್ಯಾಸ್ಕೆಟ್ ಹೋಗಿದೆ ಅಂದರೆ ಒಪ್ಪುವ ಮೊದಲು ನೋಡಿ: ಬೆಳಿಗ್ಗೆ ತಣ್ಣಗಿರುವಾಗ ಸ್ಟಾರ್ಟ್ ಮಾಡಿ ಒಂದೆರಡು ನಿಮಿಷದಲ್ಲೇ ರೇಡಿಯೇಟರಿನ ಮೇಲಿನ ಹೋಸ್ ಕಲ್ಲಿನಂತೆ ಗಟ್ಟಿಯಾಗುತ್ತದೆಯೇ, ರೇಡಿಯೇಟರಿನಲ್ಲಿ ಗುಳ್ಳೆ ನಿಲ್ಲದೆ ಬರುತ್ತದೆಯೇ, ಹೊರಗೆ ಸೋರದೆ ಕೂಲೆಂಟ್ ಇಳಿಯುತ್ತದೆಯೇ. ಮಳೆಗಾಲದಲ್ಲಿ ಆಯಿಲ್ ಮುಚ್ಚಳದ ಕೆಳಗೆ ಕೆನೆ ಕಂಡರೆ ಅಷ್ಟಕ್ಕೇ ಹೆದರಬೇಡಿ, ಸಣ್ಣ ಓಡಾಟದ ಗಾಡಿಗಳಲ್ಲಿ ಇಬ್ಬನಿಯಂತೆ ತೇವ ಕಟ್ಟಿಯೂ ಹಾಗಾಗುತ್ತದೆ. ಆಯಿಲ್ ಮಟ್ಟ ನೋಡುವ ಕಡ್ಡಿಯಲ್ಲಿ (ಡಿಪ್‌ಸ್ಟಿಕ್) ಕೆನೆ ಕಂಡರೆ ಮಾತ್ರ ಗಾಡಿ ಓಡಿಸಬೇಡಿ.

ಹೆಡ್ ಬಿಚ್ಚಲು ಒಪ್ಪಿದರೆ ಲೇತಿನ ಬಿಲ್ ಬೇರೆಯಾಗಿ ಕೇಳಿ, ಬಿರುಕು ಇದೆಯೇ ಎಂದು ಪ್ರೆಶರ್ ಟೆಸ್ಟ್ ಮಾಡಿಸಿ, ಫೀಲರ್ ಗೇಜ್ ಇಡುವಾಗ ಹತ್ತಿರ ನಿಲ್ಲಿ. ಹಳೇ ಗ್ಯಾಸ್ಕೆಟ್ ವಾಪಸ್ ತೆಗೆದುಕೊಳ್ಳಿ, ಎಲ್ಲಿ ಸುಟ್ಟಿದೆ ಅಂತ ಅದರಲ್ಲೇ ಕಾಣುತ್ತದೆ. ಗಾಡಿ ಕಾದದ್ದು ಯಾಕೆ ಎಂದು ಹೇಳಲಾಗದವರಿಗೆ ಗ್ಯಾಸ್ಕೆಟ್ ಹಾಕಿದ ಕೂಲಿ ಕೇಳುವ ಹಕ್ಕಿಲ್ಲ.