ಹಾಸಿಗೆ ಇಲ್ಲದ ಹೋಟೆಲು

ಉಡುಪಿಯವರಿಗೆ ಹೋಟೆಲು ಅಂದರೆ ತಿನ್ನುವ ಜಾಗ. ಅಲ್ಲಿ ಮಲಗುವವರು ಯಾರಾದರೂ ಇದ್ದರೆ ರಾತ್ರಿ ಬೆಂಚು ಜೋಡಿಸಿಕೊಳ್ಳುವ ಸಪ್ಲಾಯರ್‌ಗಳು ಮಾತ್ರ. ಉಳಿದುಕೊಳ್ಳಲಿಕ್ಕೆ ಲಾಡ್ಜು ಬೇರೆ ಉಂಟು. ಎರಡೂ ಒಂದೇ ಕಟ್ಟಡದಲ್ಲಿದ್ದರೆ ‘ಬೋರ್ಡಿಂಗ್ ಎಂಡ್ ಲಾಡ್ಜಿಂಗ್’. ಆ ಬೋರ್ಡಿಂಗಿನ ಬೋರ್ಡು ಗೋಡೆಗೆ ತೂಗುಹಾಕಿದ್ದಲ್ಲ, ಊಟದ ಮೇಜಿನ ಹಲಗೆ.

ಇಂಗ್ಲಿಷರ ಹೋಟೆಲಿಗೆ ಮಾತ್ರ ಹಾಸಿಗೆ ಬೇಕೇ ಬೇಕು. ಬೆಂಗಳೂರಿನಿಂದ ಬಂದ ಅಳಿಯ ರಥಬೀದಿಯ ಮಿತ್ರ ಸಮಾಜ ಹೋಟೆಲಿನಲ್ಲಿ ಗೋಳಿಬಜೆ ಮುಗಿಸಿ ಇಡ್ಲಿಗೆ ಕೈ ಹಾಕುತ್ತಾ, “ಮಾವ, ಇದು ಹೋಟೆಲಲ್ಲ, ರೆಸ್ಟೋರೆಂಟ್” ಎಂದು ತಿದ್ದಿದ.

ಹೋಟೆಲ್ ಶಬ್ದದ ಮೂಲಕ್ಕೆ ಹೋದರೆ ಲ್ಯಾಟಿನ್ನಿನ ‘ಹೋಸ್ಪೆಸ್’ ಸಿಗುತ್ತದೆ. ಮನೆಗೆ ಬಂದವನೂ ಹೋಸ್ಪೆಸ್, ಬನ್ನಿ ಕೂತುಕೊಳ್ಳಿ ಅನ್ನುವವನೂ ಹೋಸ್ಪೆಸ್. ಹಾಸ್ಪಿಟಲ್, ಹಾಸ್ಟೆಲ್, ಹೋಟೆಲ್ ಮೂರೂ ಆ ಒಂದೇ ಕುಟುಂಬದವು. ನಮ್ಮ ಆಸ್ಪತ್ರೆಯೂ ಅದೇ ಕವಲು. ಫ್ರೆಂಚರು ನಡುವಿನ ‘ಸ’ಕಾರ ನುಂಗಿ, ಅದರ ಗುರುತಿಗೆ ‘ಓ’ ಅಕ್ಷರದ ತಲೆಗೊಂದು ಟೊಪ್ಪಿ ಇಟ್ಟರು. ಪ್ಯಾರಿಸಿನ ‘ಓತೆಲ್ ದ್ಯೂ’ ಇವತ್ತಿಗೂ ಆಸ್ಪತ್ರೆ. ‘ಓತೆಲ್ ದ ವೀಲ್’ ನಗರಸಭೆಯ ಕಚೇರಿ. ಹಸಿದು ಒಳಗೆ ಹೋದರೆ ಅರ್ಜಿ ಫಾರ್ಮು ಸಿಕ್ಕೀತು. ಮಣಿಪಾಲದ ಟೈಗರ್ ಸರ್ಕಲ್ಲಿನಲ್ಲಿ ನಿಂತರೆ ಈ ದಾಯಾದಿಗಳ ಒಡನಾಟ ಕಾಣಬಹುದು: ಹಾಸ್ಟೆಲಿನ ಊಟ ಸೇರದ ಮಕ್ಕಳು ಹೋಟೆಲಿಗೆ ಬರುತ್ತಾರೆ, ಅಲ್ಲಿ ತಿಂದದ್ದು ಹೆಚ್ಚಾದರೆ ಆಸ್ಪತ್ರೆ ಹತ್ತಿರವೇ ಉಂಟು.

ಹೀಗೆ ಊರಿಗೊಂದು ಅರ್ಥ ಕಟ್ಟಿಕೊಂಡ ಶಬ್ದಕ್ಕೆ ನಮ್ಮವರು ಇನ್ನೊಂದು ಅರ್ಥ ಕೊಟ್ಟರೆ ಯಾರ ಗಂಟು ಹೋಗುತ್ತದೆ? ನಮ್ಮ ಕಡೆಯ ಕೆ. ಕೃಷ್ಣ ರಾಯರು 1938ರಲ್ಲಿ ಮದರಾಸಿನಲ್ಲಿ ತೆರೆದ ವುಡ್‌ಲ್ಯಾಂಡ್ಸಿನಲ್ಲಿ ತಂಗುವ ಕೋಣೆಗಳೂ ಇದ್ದವು. ಜನರ ನಾಲಗೆಯಲ್ಲಿ ಉಳಿದದ್ದು ದೋಸೆ, ಕಾಫಿ. ಉಡುಪಿ ಹೋಟೆಲು ಅಂದಾಗ ಮಂಚದ ನೆನಪಾಗುವ ಮನುಷ್ಯನನ್ನು ನಾನಂತೂ ಕಂಡಿಲ್ಲ.

ಅಳಿಯನ ರೆಸ್ಟೋರೆಂಟಿನ ಜಾತಕವೂ ಅಷ್ಟೇನೂ ಶುದ್ಧವಲ್ಲ. ಹದಿನೆಂಟನೆಯ ಶತಮಾನದ ಪ್ಯಾರಿಸಿನಲ್ಲಿ ಅದು ಅಂಗಡಿಯ ಹೆಸರೇ ಅಲ್ಲ, ಸೋತ ಮೈಗೆ ಕಸುವು ಬರಲಿ ಎಂದು ಕುಡಿಯುವ ಸಾರು. ನಮ್ಮಲ್ಲಿ ಬಾಣಂತಿಗೆ ಬಡಿಸುವ ಒಳ್ಳೆಮೆಣಸಿನ ಸಾರಿನ ಹಾಗೆ. ಮಾಂಸ ಬೇಯಿಸಿ ಇಳಿಸಿದ್ದು, ಅಷ್ಟು ವ್ಯತ್ಯಾಸ. ಆ ಸಾರು ಮಾರುವ ಅಂಗಡಿಗೇ ಆಮೇಲೆ ಸಾರಿನ ಹೆಸರು ಬಂತು.

ಇದನ್ನು ಹೇಳಿದಾಗ ಅಳಿಯ ಸ್ವಲ್ಪ ಹೊತ್ತು ತಟ್ಟೆ ನೋಡಿದ. “ಹಾಗಾದರೆ ಇಡ್ಲಿಗೆ ಇನ್ನೊಂದು ಸೌಟು ರೆಸ್ಟೋರೆಂಟ್ ಹಾಕಲಿಕ್ಕೆ ಹೇಳಿ ಮಾವ” ಎಂದ.